ಶುದ್ಧ ಪ್ರತಿ

ಅಪ್ಪನ ಕೊನೆಯ ಕೆಮ್ಮನ್ನೂ ಅಳಿಸಿ ಹಾಕಿದ ಮೇಲೆ ಅವನು ಕುರ್ಚಿಗೆ ಒರಗಿ ಕಾಲು ಚಾಚಿದ. ಪರದೆಯ ಮೇಲೆ ಈಗ ಅಪ್ಪನ ದನಿ ಮಾತ್ರ ಉಳಿದಿತ್ತು. ಒಂದು ಹಸಿರು ಗೆರೆ, ಅದರ ಮೇಲೂ ಕೆಳಗೂ ಅಚ್ಚ ಕಪ್ಪು. ಬೆಳಿಗ್ಗೆ ಬಂದು ಕೂತಾಗ ಆ ಕಪ್ಪಿನ ತುಂಬ ಏನೇನೋ ಮೆತ್ತಿಕೊಂಡಿತ್ತು. ಈಗ ಒರೆಸಿದ ಹಲಗೆಯ ಹಾಗೆ ಸ್ವಚ್ಛವಾಗಿತ್ತು.

ಬದಲಾವಣೆಗಳನ್ನು ಹಳೆಯದರ ಮೇಲೆಯೇ ಉಳಿಸಲೇ ಎಂದು ಕಂಪ್ಯೂಟರು ಕೇಳಿತು. ಅವನು ಹೌದು ಎಂದು ಒತ್ತಿದ.

ಎದುರಿನ ಗೋಡೆಯಲ್ಲಿ ಅವನೇ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದ ಕಾಗದವಿತ್ತು: ‘ಮೂಲ ಪ್ರತಿಯನ್ನು ಯಾರೂ ಮುಟ್ಟಕೂಡದು.’ ತರಬೇತಿಗೆ ಬಂದ ಹುಡುಗರಿಗೆಂದು ಬರೆದದ್ದು. ತನಗೆಂದು ಬರೆದುಕೊಂಡದ್ದಲ್ಲ. ಹಾಗಾಗಿ ಅದನ್ನು ಓದಿಯೂ ಓದದವನಂತೆ ಎದ್ದು ಮೈ ಮುರಿದ.

ಕ್ರಿಸ್ಮಸ್ ದಿನ ಆ ಕಟ್ಟಡಕ್ಕೆ ಬಂದವನು ಅವನೊಬ್ಬನೇ. ಕಾವಲುಗಾರ ಬೀಗ ತೆಗೆಯುತ್ತ, ‘ಇವತ್ತೂ ಆಫೀಸ್ ಕೆಲಸಾನಾ ಸಾರ್?’ ಎಂದಿದ್ದ.

‘ಇಲ್ಲ, ಮನೆ ಕೆಲಸ.’

‘ಮನೆ ಕೆಲಸ ಮಾಡೋಕೆ ಆಫೀಸಿಗೆ ಬಂದ್ರಾ?’

ಅವನು ಹಲ್ಲು ಕಿರಿದು ಒಳಗೆ ಬಂದಿದ್ದ.

ಅವನು ಧ್ವನಿ ಸಂರಕ್ಷಣಾ ವಿಭಾಗದ ಮುಖ್ಯಸ್ಥ. ವಿಭಾಗದಲ್ಲಿ ಇರುವುದು ಅವನೊಬ್ಬನೇ ಆದ್ದರಿಂದ ಮುಖ್ಯಸ್ಥನಾಗುವುದು ಕಷ್ಟವಾಗಿರಲಿಲ್ಲ. ಸತ್ತವರ ಭಾಷಣಗಳು, ಮುಚ್ಚಿದ ಕಾರ್ಖಾನೆಗಳ ಸೈರನ್ನುಗಳು, ಈಗ ಯಾರೂ ಆಡದ ಮಾತಿನಲ್ಲಿ ಯಾವುದೋ ಮುದುಕಿ ಹೇಳಿದ ಕಥೆ, ಇಂಥವನ್ನೆಲ್ಲ ಧೂಳು ಕೊಡವಿ ಕಪಾಟಿನಲ್ಲಿಡುವುದು ಅವನ ಕೆಲಸ. ಕೇಳಲು ಯಾರೂ ಬರುತ್ತಿರಲಿಲ್ಲ. ಅದರಿಂದ ಅವನಿಗೆ ಬೇಸರವೂ ಇರಲಿಲ್ಲ. ಕೇಳುವವರು ಬಂದರೆ ಕಪಾಟು ಅಸ್ತವ್ಯಸ್ತವಾಗುತ್ತದೆ.

ಅವರ ಮನೆಯ ಕ್ರಿಸ್ಮಸ್ ಎಂದರೆ ಒಂದು ಕ್ಯಾಸೆಟ್ಟು. ಅವನು ಹನ್ನೊಂದು ವರ್ಷದವನಿದ್ದಾಗ, ಪಕ್ಕದ ಮನೆಯಿಂದ ಕೇಳಿ ತಂದ ಟೇಪ್ ರೆಕಾರ್ಡರಿನಲ್ಲಿ ಹಿಡಿದದ್ದು. ಹಬ್ಬದ ಊಟಕ್ಕೆ ಮುಂಚೆ ಅಪ್ಪ ಬೈಬಲಿನಿಂದ ಯೇಸು ಹುಟ್ಟಿದ ಭಾಗವನ್ನು ಓದಿ, ಚಿಕ್ಕದೊಂದು ಪ್ರಾರ್ಥನೆ ಹೇಳಿ, ಆಮೆನ್ ಎನ್ನುತ್ತಾನೆ. ಅಷ್ಟೇ. ಮುಂದಿನ ಕ್ರಿಸ್ಮಸ್ಸಿಗೆ ಅಪ್ಪ ಇರಲಿಲ್ಲ. ಅಮ್ಮ ಯಾರಿಗೂ ಹೇಳದೆ ಕೇಳದೆ, ಅಪ್ಪನ ತಟ್ಟೆಯ ಜಾಗದಲ್ಲಿ ಟೇಪ್ ರೆಕಾರ್ಡರನ್ನು ಇಟ್ಟು ಗುಂಡಿ ಒತ್ತಿದಳು. ಅಂದಿನಿಂದ ಅದೇ ಪದ್ಧತಿ. ಅಮ್ಮ ಹೋದ ಮೇಲೆ ಕ್ಯಾಸೆಟ್ಟು ಅವನ ಪಾಲಿಗೆ ಬಂತು. ಅಕ್ಕನಿಗೆ ಬಳೆ, ತಮ್ಮನಿಗೆ ಮನೆ, ಅವನಿಗೆ ಕ್ಯಾಸೆಟ್ಟು. ಅವನೇ ಕೇಳಿ ತೆಗೆದುಕೊಂಡದ್ದು.

ಆದರೆ ಕ್ಯಾಸೆಟ್ಟಿನಲ್ಲಿ ಅಪ್ಪನೊಬ್ಬನೇ ಇರಲಿಲ್ಲ ಎಂಬುದೇ ತಕರಾರು. ಓದಲು ತೊಡಗಿದ ಕೂಡಲೇ ಅಪ್ಪ ಕೆಮ್ಮುತ್ತಾನೆ. ಅಕ್ಕ ಕಿಸಕ್ಕನೆ ನಗುತ್ತಾಳೆ. ‘ಯಾರದು?’ ಎಂದು ಅಪ್ಪ ಗದರುತ್ತಾನೆ. ಸಾಲು ತಪ್ಪಿ ಒಂದೇ ವಾಕ್ಯವನ್ನು ಎರಡು ಸಲ ಓದುತ್ತಾನೆ. ಆಗಿನ್ನೂ ಸರಿಯಾಗಿ ಮಾತು ಬಾರದ ತಮ್ಮ, ದೇವದೂತ ಬಂದು ನಿಂತ ಗಳಿಗೆಯಲ್ಲೇ ‘ನಂಗೆ ಕೇಕು’ ಎಂದು ಅಳುತ್ತಾನೆ. ಗಾಳಿಗೆ ಬಾಗಿಲು ಬಡಿದುಕೊಳ್ಳುತ್ತದೆ. ‘ಬಾಗಿಲು ಹಾಕ್ರೋ’ ಎನ್ನುತ್ತಾನೆ ಅಪ್ಪ. ಅಡುಗೆಮನೆಯಲ್ಲಿ ಏನೋ ಢಣ್ ಎಂದು ಬೀಳುತ್ತದೆ.

ಇದೆಲ್ಲ ಅಪಘಾತವೆಂದು ಬಿಟ್ಟಿದ್ದರೆ ಆಗುತ್ತಿತ್ತು. ಮನೆಯವರು ಬಿಡಲಿಲ್ಲ. ವರ್ಷ ವರ್ಷ ಕೇಳಿ ಕೇಳಿ ಪ್ರತಿಯೊಂದು ಸದ್ದಿಗೂ ಒಂದು ಆಚರಣೆ ಹುಟ್ಟಿತು. ಅಪ್ಪ ಕೆಮ್ಮಿದರೆ ಎಲ್ಲರೂ ತಲೆ ತಗ್ಗಿಸುವುದು. ಅಕ್ಕ ತನ್ನ ಹಳೆಯ ನಗೆಯ ಜೊತೆಗೇ ಹೊಸದಾಗಿ ನಗುವುದು. ಮನೆಯಲ್ಲಿ ಇವತ್ತಿಗೂ ‘ಮರಿ’ ಎಂದೇ ಕರೆಸಿಕೊಳ್ಳುವ, ತಲೆ ಪೂರ್ತಿ ಬೋಳಾದ ತಮ್ಮ, ಮಗುವಿನ ದನಿಗೆ ದನಿ ಸೇರಿಸಿ ‘ನಂಗೆ ಕೇಕು’ ಎನ್ನುವುದು. ‘ಬಾಗಿಲು ಹಾಕ್ರೋ’ ಎಂದಾಗ ಭಾವ ಎದ್ದು ಹೋಗಿ ಬಾಗಿಲು ಹಾಕಿ ಬರುವುದು. ಹಾಕಲು ಬಾಗಿಲು ತೆರೆದಿರಬೇಕಲ್ಲ, ಅದಕ್ಕೆಂದು ಮೊದಲೇ ತೆರೆದಿಡುವುದು. ಒಂದು ವರ್ಷ ತೆರೆದ ಬಾಗಿಲಿನಿಂದ ಬೀದಿನಾಯಿ ಒಳಬಂದು ಕೋಳಿಯ ಕಾಲು ಕಚ್ಚಿಕೊಂಡು ಹೋಯಿತು. ಆದರೂ ಪದ್ಧತಿ ನಿಲ್ಲಲಿಲ್ಲ.

ಅವನಿಗೆ ಇದು ಸಹಿಸಲಾಗುತ್ತಿರಲಿಲ್ಲ. ಅಪ್ಪನ ಪ್ರಾರ್ಥನೆಯನ್ನು ಇವರು ನಾಟಕ ಮಾಡಿಕೊಂಡಿದ್ದಾರೆ ಎನಿಸುತ್ತಿತ್ತು. ಒಂದು ವಿಚಾರ ಸಂಕಿರಣದಲ್ಲಿ ಅವನು ‘ಪರಂಪರೆ ಮತ್ತು ಗದ್ದಲ’ ಎಂಬ ಪ್ರಬಂಧವನ್ನೂ ಓದಿದ್ದ. ಪರಂಪರೆಯನ್ನು ಉಳಿಸುವುದೆಂದರೆ ಅದಕ್ಕೆ ಅಂಟಿದ್ದನ್ನು ತೆಗೆಯುವುದು ಎಂದು ಅದರ ಸಾರಾಂಶ. ಮುಂದಿನ ಸಾಲಿನಲ್ಲಿ ಕೂತವರೊಬ್ಬರು ತಲೆದೂಗಿದ್ದರು. ಆಮೇಲೆ ನೋಡಿದರೆ ಅವರಿಗೆ ನಿದ್ದೆ ಬಂದಿತ್ತು.

ಈ ವರ್ಷ ಅಕ್ಕ ಫೋನಿನಲ್ಲಿ ಹೇಳಿದ್ದಳು: ‘ಈ ಸಲ ಬರ್ತೀವಿ ಕಣೋ. ಮುಂದಿನ ವರ್ಷದಿಂದ ನೋಡೋಣ.’

‘ನೋಡೋಣ ಅಂದ್ರೆ?’

‘ಅವರವರ ಮನೇಲಿ ಅವರವರು ಮಾಡ್ಕೊಂಡ್ರಾಯ್ತು. ನಂಗೂ ಮಂಡಿ ನೋವು. ಮರಿಗೂ ರಜ ಸಿಗೋದು ಕಷ್ಟ. ಅಪ್ಪ ನೆಟ್ಟ ಆಲದ ಮರ ಅಂತ ಎಲ್ರೂ ಅದಕ್ಕೇ ನೇಣು ಹಾಕ್ಕೋಬೇಕಾ?’

ಅವರ ಮನೆಯಲ್ಲಿ ‘ನೋಡೋಣ’ ಎಂದರೆ ಇಲ್ಲ ಎಂದು ಅರ್ಥ. ಅವನಿಗೆ ಭಯವಾಯಿತು. ಅಕ್ಕ, ತಮ್ಮ ವರ್ಷಕ್ಕೊಮ್ಮೆ ಬರುವುದು ತನ್ನ ಮುಖ ನೋಡಲಿಕ್ಕಲ್ಲ, ಕ್ಯಾಸೆಟ್ಟು ತನ್ನ ಹತ್ತಿರ ಇದೆ ಎಂಬುದಕ್ಕೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಅದೊಂದು ತಪ್ಪಿದರೆ ಅವರಿಗೂ ತನಗೂ ನಡುವೆ ಏನಿದೆ ಎಂದು ಯೋಚಿಸಿದ. ರಕ್ತ ಸಂಬಂಧ ಇದೆ ಎಂದುಕೊಂಡ. ಅದರಿಂದ ಒಂದು ಮಧ್ಯಾಹ್ನ ಕಳೆಯಲಾಗುವುದಿಲ್ಲ.

ಆಗ ಹೊಳೆದದ್ದು ಶುದ್ಧ ಪ್ರತಿಯ ಯೋಚನೆ. ಕೆಮ್ಮಿಲ್ಲದ, ನಗೆಯಿಲ್ಲದ, ಬಾಗಿಲಿಲ್ಲದ ಅಪ್ಪ. ಪಕ್ಕದಲ್ಲೇ ನಿಂತು ಓದುತ್ತಿರುವಂತೆ ಕೇಳಿಸುವ ಅಪ್ಪ. ಆ ದನಿಯ ಎದುರು ಕೂತು ‘ಮುಂದಿನ ವರ್ಷ ಬರಲ್ಲ’ ಎಂದು ಅಕ್ಕ ಹೇಗೆ ಹೇಳುತ್ತಾಳೆ? ಕ್ಯಾಸೆಟ್ಟನ್ನು ಆಫೀಸಿಗೆ ತಂದು ಕಂಪ್ಯೂಟರಿಗೆ ಇಳಿಸಿಕೊಂಡ. ಇಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ಹಾಕಿದಾಗ ಹಳೆಯ ಟೇಪು ಯಂತ್ರದ ಉರುಳೆಗೆ ಸುತ್ತಿಕೊಂಡು ಪುಡಿ ಪುಡಿಯಾಯಿತು. ಅದೂ ಒಳ್ಳೆಯದೇ ಆಯಿತು ಎಂದುಕೊಂಡ. ಕಂಪ್ಯೂಟರಿನಲ್ಲಿ ಇದೆಯಲ್ಲ.

ಈಗ ಅದೂ ಇರಲಿಲ್ಲ. ಶುದ್ಧ ಪ್ರತಿ ಇತ್ತು. ಅದನ್ನು ಪೆನ್ ಡ್ರೈವಿಗೆ ಇಳಿಸಿ, ಜೇಬಿಗೆ ಹಾಕಿಕೊಂಡು ಮನೆಗೆ ಹೊರಟ.

ದಾರಿಯಲ್ಲಿ ಅಂಗಡಿಗಳೆಲ್ಲ ಮುಚ್ಚಿದ್ದವು. ಒಂದು ಬಟ್ಟೆ ಅಂಗಡಿಯ ಗಾಜಿನೊಳಗೆ ಹತ್ತಿಯ ಗಡ್ಡದ ಬೊಂಬೆಯೊಂದು ಒಳಗಿನ ಮೋಟಾರಿನ ಬಲದಿಂದ ಕೈ ಬೀಸುತ್ತಲೇ ಇತ್ತು. ನೋಡುವವರು ಯಾರೂ ಇರಲಿಲ್ಲ. ಅವನು ಒಂದು ಕ್ಷಣ ನಿಂತು, ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು, ತಾನೂ ಕೈ ಬೀಸಿದ. ಬೀಸಿದ ಮೇಲೆ ನಾಚಿಕೆಯಾಗಿ ಬೇಗ ಬೇಗ ನಡೆದ.

ಮನೆಯಲ್ಲಿ ಹೆಂಡತಿ ಒಲೆಯ ಮುಂದೆ ನಿಂತಿದ್ದಳು. ತಿರುಗಿ ನೋಡದೆ ಕೇಳಿದಳು: ‘ಮಾವನ ಸ್ನಾನ ಆಯ್ತೇನ್ರಿ?’

‘ಏನು?’

‘ಬೆಳಿಗ್ಗೆಯಿಂದ ಉಜ್ತಿದ್ರಲ್ಲ, ಕೇಳಿದೆ.’

‘ಕೇಳಿದ ಮೇಲೆ ಗೊತ್ತಾಗುತ್ತೆ.’

‘ಚರ್ಮ ಉಳಿದಿದ್ರೆ ಸಾಕು.’

ಮಾವನನ್ನು ಅವಳು ನೋಡಿಯೇ ಇರಲಿಲ್ಲ. ಮದುವೆಯಾಗಿ ಬಂದ ಮೊದಲ ಕ್ರಿಸ್ಮಸ್ಸಿನಲ್ಲಿ, ತಟ್ಟೆಯ ಜಾಗದಲ್ಲಿದ್ದ ಯಂತ್ರಕ್ಕೆ ತಲೆ ಬಾಗಿಸಿ ನಮಸ್ಕಾರ ಮಾಡಿದ್ದಳು. ಅದು ಭಕ್ತಿಯೋ ತಮಾಷೆಯೋ ಅವನಿಗೆ ಈವರೆಗೂ ತಿಳಿದಿರಲಿಲ್ಲ.

ಮಗಳು ಮೇಜು ಜೋಡಿಸುತ್ತಿದ್ದಳು. ಊಟದ ಮೇಜು ಸಾಲದೆಂದು ಅವನ ಬರೆಯುವ ಮೇಜನ್ನೂ ಎಳೆದು ತಂದು ಸೇರಿಸುವುದು ರೂಢಿ. ಅದು ಊಟದ ಮೇಜಿಗಿಂತ ಒಂದು ಬೆರಳಿನಷ್ಟು ಎತ್ತರ. ಮೇಲೆ ಎಂಥ ಬಟ್ಟೆ ಹಾಸಿದರೂ ನಡುವೆ ಒಂದು ಮೆಟ್ಟಿಲು ಉಳಿಯುತ್ತಿತ್ತು. ಆ ಮೆಟ್ಟಿಲ ಮೇಲೆ ತಟ್ಟೆ ಇಟ್ಟುಕೊಂಡು ವಾಲಿಸಿ ಉಣ್ಣುವುದು ಯಜಮಾನನಾದ ಅವನ ಪಾಲು.

ಮೊದಲು ಬಂದವನು ಮರಿ. ಹೆಂಡತಿ ಮಕ್ಕಳು ಈ ಸಲ ಬಂದಿರಲಿಲ್ಲ. ‘ಅವಳ ತವರಲ್ಲಿ ಏನೋ ಇತ್ತು ಅಣ್ಣ’ ಎಂದ. ಆಮೇಲೆ ಅಕ್ಕ, ಭಾವ. ಅಕ್ಕ ಬಾಗಿಲಲ್ಲೇ ನಿಂತು ಮಂಡಿ ಹಿಡಿದುಕೊಂಡು, ‘ಉಸ್ಸಪ್ಪಾ, ಮೆಟ್ಟಿಲು ಹೆಚ್ಚು ಮಾಡಿಸಿದ್ದೀಯೇನೋ?’ ಎಂದಳು. ಭಾವ ಒಳಬಂದವರೇ ಹಿಂದೆ ತಿರುಗಿ, ರೂಢಿಯಂತೆ ಬಾಗಿಲನ್ನು ಪೂರ್ತಿ ತೆರೆದು, ಅದು ತಾನಾಗಿ ಮುಚ್ಚಿಕೊಳ್ಳದಂತೆ ಚಪ್ಪಲಿ ಅಡ್ಡ ಇಟ್ಟರು.

‘ಬೇಡ ಭಾವ. ಈ ಸಲ ಬಾಗಿಲಿಲ್ಲ.’

‘ಬಾಗಿಲಿಲ್ವಾ?’ ಭಾವ ಬಾಗಿಲ ಕಡೆ ನೋಡಿದರು.

‘ಇದೆ. ಅದರಲ್ಲಿ ಇಲ್ಲ.’

ಭಾವನಿಗೆ ಏನೂ ಅರ್ಥವಾದಂತೆ ಕಾಣಲಿಲ್ಲ. ಚಪ್ಪಲಿ ತೆಗೆದು ಬಾಗಿಲು ಮುಚ್ಚಿ, ಕೆಲಸದಿಂದ ವಜಾ ಆದವರಂತೆ ಬಂದು ಕೂತರು.

ಎಲ್ಲರೂ ಕೂತ ಮೇಲೆ ಅವನು ಚಿಕ್ಕ ಭಾಷಣ ಮಾಡಿದ. ಮಾಡಬಾರದೆಂದು ನಿಶ್ಚಯಿಸಿದ್ದ. ಆದರೂ ಬಾಯಿ ಕೇಳಲಿಲ್ಲ. ಮೂಲ, ಮಾಲಿನ್ಯ, ಪುನರುಜ್ಜೀವನ ಎಂಬ ಮೂರು ಶಬ್ದಗಳು ತನ್ನ ಬಾಯಿಂದ ಬಂದದ್ದು ಅವನಿಗೇ ಕೇಳಿಸಿತು. ಕೋಳಿ ಆರುತ್ತಿತ್ತು.

‘ಹಾಕೋ ಮಾರಾಯ’ ಎಂದಳು ಅಕ್ಕ.

ಪೆನ್ ಡ್ರೈವನ್ನು ಅಪ್ಪನ ತಟ್ಟೆಯ ಜಾಗದಲ್ಲಿದ್ದ ಸ್ಪೀಕರಿಗೆ ಸಿಕ್ಕಿಸಿ ಹಾಕಿದ.

ಅಪ್ಪ ಮಾತಾಡಿದ. ದನಿ ಎಷ್ಟು ಸ್ಪಷ್ಟವಾಗಿತ್ತೆಂದರೆ ಅವನ ಕಣ್ಣಲ್ಲಿ ನೀರು ಬಂತು. ತಾನು ಗೆದ್ದೆ ಎಂದುಕೊಂಡ. ಕಣ್ಣೊರೆಸಿಕೊಂಡು ಉಳಿದವರ ಮುಖ ನೋಡಿದ.

ಉಳಿದವರು ಕಾಯುತ್ತಿದ್ದರು. ಕೆಮ್ಮಿಗೆಂದು ತಗ್ಗಿಸಿದ ತಲೆಗಳು ಕೆಮ್ಮು ಬಾರದೆ ಅಲ್ಲೇ ನಿಂತಿದ್ದವು. ಅಕ್ಕ ತನ್ನ ಜಾಗ ಬಂತೆಂದು ಕಿಸಕ್ಕೆಂದಳು. ಜೊತೆಗೆ ಯಾರೂ ನಗಲಿಲ್ಲ, ಗದರಲೂ ಇಲ್ಲ. ಐವತ್ತು ದಾಟಿದ ಹೆಂಗಸು ಪ್ರಾರ್ಥನೆಯ ನಡುವೆ ಒಬ್ಬಳೇ ನಕ್ಕಂತಾಗಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೇವದೂತ ಬಂದ. ಮರಿ ಬಾಯಿ ತೆರೆದ. ದೇವದೂತ ತಡೆಯಿಲ್ಲದೆ ತನ್ನ ಮಾತು ಹೇಳಿ ಮುಗಿಸಿ ಹೊರಟೇಹೋದ. ಮರಿಯ ಬಾಯಿ ಹಾಗೇ ಮುಚ್ಚಿಕೊಂಡಿತು. ಭಾವ ಕುರ್ಚಿಯಿಂದ ಅರ್ಧ ಎದ್ದು, ನೆನಪಾಗಿ, ಕೂತರು. ನಡುನಡುವೆ ಇದ್ದ ಖಾಲಿ ಜಾಗಗಳನ್ನೆಲ್ಲ ಅವನು ಕತ್ತರಿಸಿ ಸೇರಿಸಿದ್ದರಿಂದ ಅಪ್ಪ ಎಲ್ಲೂ ಉಸಿರು ಎಳೆದುಕೊಳ್ಳುತ್ತಿರಲಿಲ್ಲ. ನಿಲ್ದಾಣದಲ್ಲಿ ರೈಲಿನ ಹೊತ್ತು ಹೇಳುವವರ ಹಾಗೆ ಒಂದೇ ಸಮನೆ ಓದಿ, ಪ್ರಾರ್ಥಿಸಿ, ಆಮೆನ್ ಎಂದ.

ಎಲ್ಲರೂ ಸ್ಪೀಕರನ್ನೇ ನೋಡುತ್ತಿದ್ದರು.

‘ಆಯ್ತಾ?’ ಎಂದ ಮರಿ.

‘ಆಯ್ತು.’

‘ಇಷ್ಟೇನಾ ಇದ್ದಿದ್ದು?’

‘ಇಷ್ಟೇ. ಉಳಿದದ್ದೆಲ್ಲ ಗದ್ದಲ.’

‘ಚೆನ್ನಾಗಿದೆ ಅಣ್ಣ’ ಎಂದ ಮರಿ, ಚಮಚವನ್ನು ಅತ್ತಿಂದಿತ್ತ ಸರಿಸುತ್ತ. ‘ರೇಡಿಯೋ ತರ ಇದೆ.’

ಅಕ್ಕ ಮೇಜಿನ ಬಟ್ಟೆಯ ಅಂಚನ್ನು ಮಡಿಸುತ್ತಿದ್ದಳು. ಮಡಿಸಿದ್ದನ್ನು ಬಿಡಿಸಿದಳು. ಆಮೇಲೆ ಕೇಳಿದಳು: ‘ಅಮ್ಮ ಎಲ್ಲಿ?’

‘ಅಮ್ಮ ಅದರಲ್ಲಿ ಇರಲೇ ಇಲ್ಲವಲ್ಲ ಅಕ್ಕ. ಒಂದು ಮಾತೂ ಆಡಿಲ್ಲ.’

‘ಮಾತಾಡಿಲ್ಲ. ಇದ್ಲು. ಅಡುಗೆಮನೇಲಿ ಮುಚ್ಚಳ ಬೀಳುತ್ತಲ್ಲ, ಯಾರು ಬೀಳಿಸಿದ್ದು? ಆಮೇಲೆ ಒಂಚೂರು ಹೊತ್ತು ಸದ್ದೇ ಇರಲ್ಲ, ಅಪ್ಪ ಬಯ್ತಾರೇನೋ ಅಂತ ಹೆದರ್ಕೊಂಡು ನಿಂತಿರ್ತಾಳೆ. ಆಮೇಲೆ ಮೆಲ್ಲಗೆ ಎತ್ತಿಡ್ತಾಳೆ. ಅಷ್ಟೇ ಅಲ್ವೇನೋ ಅಮ್ಮಂದು ನಮ್ಮ ಹತ್ರ ಇದ್ದದ್ದು?’

ಅವನಿಗೆ ಪರದೆ ನೆನಪಾಯಿತು. ಆ ಢಣ್ ಒಂದು ಉದ್ದನೆಯ ಕೆಂಪು ಮುಳ್ಳಿನ ಹಾಗೆ ಎದ್ದು ನಿಂತಿತ್ತು. ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬಿದ್ದದ್ದು ಅದೇ. ಬೆಣ್ಣೆಯಿಂದ ಕೂದಲು ತೆಗೆದಂತೆ ನಾಜೂಕಾಗಿ ತೆಗೆದಿದ್ದ. ತೆಗೆದು, ಒಂದು ಕಪ್ ಚಹ ಕುಡಿದಿದ್ದ.

‘ಹಳೇದು ಹಾಕು’ ಎಂದಳು ಅಕ್ಕ.

‘ಟೇಪು ಹರಿದುಹೋಯ್ತು.’

‘ಕಂಪ್ಯೂಟರಿಗೆ ಹಾಕಿಟ್ಟಿದ್ದೀನಿ ಅಂದಿದ್ದೆ.’

‘ಆಫೀಸಲ್ಲಿ ಇರಬೇಕು.’

‘ಇರಬೇಕು ಅಂದ್ರೆ?’

‘ನೋಡೋಣ.’

ಆ ಮಾತು ಬಾಯಿಂದ ಬಿದ್ದ ಕೂಡಲೇ ತಪ್ಪು ಮಾಡಿದೆ ಎಂದು ಅವನಿಗೆ ಗೊತ್ತಾಯಿತು. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಮಗಳು ತಟ್ಟೆ ನೋಡುತ್ತಿದ್ದಳು.

‘ನೋಡೋಣ ಅಂದ್ರೆ ನಮ್ಮನೇಲಿ ಏನು ಅಂತ ನಂಗೂ ಗೊತ್ತು ಕಣೋ’ ಎಂದಳು ಅಕ್ಕ. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ಒಳ್ಳೆಯದಿತ್ತು. ಮೇಜಿಗೆ ಕೈಯೂರಿ, ನೋಯುವ ಮಂಡಿಯನ್ನು ಮೊದಲು ಸರಿಮಾಡಿಕೊಂಡು, ಎದ್ದಳು.

ಹೊರಟಳು ಎಂದುಕೊಂಡ ಅವನು. ತಡೆಯಲು ಏನಾದರೂ ಹೇಳಬೇಕು. ಮಾತು ಹುಡುಕಿದ. ಸಂಕಿರಣದ ಮಾತುಗಳು ಮಾತ್ರ ಸಿಕ್ಕವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನೆನಪಾಯಿತು. ಈ ಮನೆಯಲ್ಲಿ ಕುಂಬಾರನೂ ತಾನೇ, ದೊಣ್ಣೆಯೂ ತಾನೇ ಎಂದು ಅಷ್ಟು ಸಂಕಟದಲ್ಲೂ ನಗು ಬಂತು.

ಅಕ್ಕ ಹೊರಬಾಗಿಲ ಕಡೆ ಹೋಗಲಿಲ್ಲ. ಅಡುಗೆಮನೆಗೆ ಹೋದಳು. ಅಲ್ಲಿಂದ ಢಣ್ ಎಂದು ಸದ್ದು ಬಂತು.

ಎಲ್ಲರೂ ತಲೆ ಎತ್ತಿದರು. ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ, ಮೆಲ್ಲಗೆ, ಮುಚ್ಚಳವನ್ನು ಕಲ್ಲಿನ ಮೇಲಿನಿಂದ ಎತ್ತಿ ಇಟ್ಟದ್ದು ಕೇಳಿಸಿತು. ಅದು ಅಮ್ಮನೇ.

‘ನಂಗೆ ಕೇಕು’ ಎಂದ ಮರಿ.

ಅಲ್ಲಿಗೆ ಕಟ್ಟೆ ಒಡೆಯಿತು. ಭಾವ ಎದ್ದು ಹೋಗಿ ಬಾಗಿಲು ತೆರೆದು ಬಂದು, ಮುಚ್ಚಲು ಸಿದ್ಧರಾಗಿ ಕುರ್ಚಿಯ ಅಂಚಿನಲ್ಲಿ ಕೂತರು. ಹೆಂಡತಿ ಮುಷ್ಟಿಯನ್ನು ಬಾಯಿಗಿಟ್ಟುಕೊಂಡು ಕೆಮ್ಮಿದಳು. ಮೊದಲು ಎರಡು ಒಣ ಕೆಮ್ಮು, ನಡುವೆ ಗಂಟಲು ಸರಿಮಾಡಿಕೊಳ್ಳುವ ಸದ್ದು, ಕೊನೆಗೆ ಒಂದು ದೊಡ್ಡದು. ಅವನು ಬೆಳಿಗ್ಗೆಯೆಲ್ಲ ಕೂತು ತುಂಡು ತುಂಡಾಗಿ ತೆಗೆದ ಕೆಮ್ಮು ಅದು, ಕೂದಲಿನಷ್ಟೂ ವ್ಯತ್ಯಾಸವಿಲ್ಲದೆ. ಮಾವನನ್ನು ನೋಡದ ಸೊಸೆಗೆ ಮಾವನ ಕಫದವರೆಗೆ ಗೊತ್ತಿತ್ತು.

‘ಓದೋರು ಯಾರು ಹಾಗಾದ್ರೆ?’ ಎಂದು ಕೇಳುತ್ತ ಅಕ್ಕ ಬಂದು ಕೂತಳು. ಕಣ್ಣು ಕೆಂಪಾಗಿತ್ತು.

‘ನಾನು’ ಎಂದಳು ಮಗಳು.

ಅವಳು ಬೈಬಲ್ ತೆಗೆಯಲಿಲ್ಲ. ಗದ್ದ ಎದೆಗೆ ಒತ್ತಿಕೊಂಡು, ದನಿ ದಪ್ಪ ಮಾಡಿಕೊಂಡು ತೊಡಗಿದಳು. ತಾತ ಎಲ್ಲಿ ನಿಲ್ಲುತ್ತಾನೆ, ಎಲ್ಲಿ ಮೂಗು ಎಳೆಯುತ್ತಾನೆ, ಎಲ್ಲ ಅವಳಿಗೆ ಬಾಯಿಪಾಠವಾಗಿತ್ತು. ತಪ್ಪಿ ಎರಡು ಸಲ ಓದುವ ಸಾಲು ಬಂದಾಗ, ಎರಡನೆಯ ಸಲ, ತಪ್ಪು ತನ್ನದಲ್ಲ ಪುಸ್ತಕದ್ದು ಎಂಬ ಹಾಗೆ ಜೋರಾಗಿ ಓದಿದಳು. ಹೌದು, ಅಪ್ಪ ಹಾಗೇ ಓದಿದ್ದ. ಅವನು ಅದನ್ನು ಎಷ್ಟೋ ಸಲ ಕೇಳಿದ್ದ, ಒಮ್ಮೆಯೂ ಗಮನಿಸಿರಲಿಲ್ಲ. ಮಗಳಿಗೆ ಇದೆಲ್ಲ ಬೇಸರ, ಒತ್ತಾಯಕ್ಕೆ ಕೂರುತ್ತಾಳೆ ಎಂದು ಅವನು ಇಷ್ಟು ವರ್ಷ ತಿಳಿದುಕೊಂಡಿದ್ದ.

ನಕ್ಕರು, ಅತ್ತರು. ಭಾವ ಬಾಗಿಲು ಹಾಕಿ ಬಂದಾಗ ಚಪ್ಪಾಳೆ ತಟ್ಟಿದರು. ಭಾವ ಮತ್ತೆ ಕೆಲಸಕ್ಕೆ ಸೇರಿದ ಗತ್ತಿನಲ್ಲಿ ಕೂತರು.

ಅಕ್ಕ ಮೂಗು ಒರೆಸಿಕೊಳ್ಳುತ್ತ, ‘ಎಷ್ಟು ಚೆನ್ನಾಗಾಯ್ತು ನೋಡು! ಮುಂದಿನ ವರ್ಷ ಎಲ್ರೂ ನಮ್ಮನೆಗೆ ಬನ್ನಿ. ಮಂಡಿ ನೋವಿದ್ರೂ ಪರವಾಗಿಲ್ಲ, ಮೆಟ್ಟಿಲಂತೂ ಇಲ್ಲ. ಅದರ ಮುಂದಿನ ವರ್ಷ ಮರಿ ಮನೇಲಿ’ ಎಂದಳು.

‘ಅಮ್ಮ ಇದ್ದ ಮನೆ ಅಲ್ವಾ, ಅಡುಗೆಮನೇನೂ ಅದೇ ಇದೆ’ ಎಂದ ಮರಿ. ‘ಎಲ್ರನ್ನೂ ಕರ್ಕೊಂಡು ಬರ್ತೀನಿ. ಅವಳು ತವರಿಗೆ ಗಿವರಿಗೆ ಅಂದ್ರೆ ಕೇಳಲ್ಲ.’

‘ಟೇಪು ಗೀಪು ಏನೂ ಬೇಡ ಬಿಡು’ ಎಂದಳು ಅಕ್ಕ ಇವನ ಕಡೆ ತಿರುಗಿ, ಸಮಾಧಾನ ಮಾಡುವ ದನಿಯಲ್ಲಿ. ‘ನೀನು ಸುಮ್ನೆ ಮುಖ ಸಣ್ಣ ಮಾಡ್ಕೋಬೇಡ. ಎಲ್ಲಾ ನಮ್ಮ ಬಾಯಲ್ಲೇ ಇದೆ.’

ಅವನು ನಗಲು ಯತ್ನಿಸಿದ. ಅಪ್ಪ ಉಳಿದ, ಅಮ್ಮನೂ ಉಳಿದಳು, ಎಲ್ಲರೂ ಸೇರುತ್ತಾರೆ. ಅವನು ಬೇಡಿಕೊಂಡದ್ದೆಲ್ಲ ಆಗಿತ್ತು. ತಾನು ಕಾಯುತ್ತಿದ್ದ ಕಪಾಟಿನ ಸಾಮಾನುಗಳೆಲ್ಲ ಎದ್ದು ನಡೆದುಕೊಂಡು ಹೋದಂತಿತ್ತು. ಹೊಟ್ಟೆಕಿಚ್ಚಾಯಿತು. ಹೊಟ್ಟೆಕಿಚ್ಚಾದದ್ದಕ್ಕೆ ತನ್ನ ಮೇಲೆ ಹೇಸಿಗೆಯಾಯಿತು.

‘ಅಪ್ಪಾ’ ಎಂದಳು ಮಗಳು. ‘ನಿಂದು ಯಾವ ಸದ್ದು?’

‘ಏನು?’

‘ಅತ್ತೆಗೆ ನಗು. ಚಿಕ್ಕಪ್ಪಂಗೆ ಕೇಕು. ಅಜ್ಜಿಗೆ ಮುಚ್ಚಳ. ನೀನೆಲ್ಲಿದ್ದೀಯ ಅದರಲ್ಲಿ?’

ಎಲ್ಲರೂ ಯೋಚಿಸಿದರು. ನಿಜವಾಗಿ ಯೋಚಿಸಿದರು, ಅದು ಅವರ ಮುಖದಲ್ಲಿ ಕಾಣುತ್ತಿತ್ತು. ಯಾರಿಗೂ ಹೊಳೆಯಲಿಲ್ಲ.

‘ನಾನು ಗುಂಡಿ ಒತ್ತಿ ಹಿಡ್ಕೊಂಡಿದ್ದೆ’ ಎಂದ ಅವನು.

‘ಯಾವ ಗುಂಡಿ?’

‘ರೆಕಾರ್ಡಿಂದು. ಪಕ್ಕದ ಮನೆಯವರ ಯಂತ್ರ, ಗುಂಡಿ ನಿಲ್ತಿರಲಿಲ್ಲ. ಬೆರಳು ತೆಗೆದ್ರೆ ಮೇಲೆ ಬಂದ್ಬಿಡೋದು. ಅದಕ್ಕೆ ಅಪ್ಪ ನನ್ನನ್ನ ಪಕ್ಕದಲ್ಲಿ ಮೊಣಕಾಲೂರಿ ಕೂರಿಸಿ, ಒತ್ತಿ ಹಿಡಿ, ಉಸಿರೂ ಬಿಡಬೇಡ ಅಂದ್ರು.’

‘ಬಿಡಲಿಲ್ವಾ?’

‘ಮುಖ ಆ ಕಡೆ ತಿರುಗಿಸಿ ಬಿಡ್ತಿದ್ದೆ. ಕೇಳಿಸದ ಹಾಗೆ.’

‘ಅಂದ್ರೆ ನೀನು ಅದರಲ್ಲಿ ಇಲ್ವೇ ಇಲ್ಲ!’ ಮಗಳು ನಕ್ಕಳು. ಮನಸ್ಸಿನಲ್ಲಿ ಏನೂ ಇಲ್ಲದ ನಗೆ.

‘ಹಾಗನ್ನಬೇಡ ಕಣೇ’ ಎಂದಳು ಅಕ್ಕ. ‘ಅವನು ಹಿಡ್ಕೊಂಡಿದ್ದಕ್ಕೆ ತಾನೇ ನಾವೆಲ್ಲ ಇರೋದು. ಬಾರೋ, ಕೊನೆಗೊಂದ್ಸಲ ಸರಿಯಾಗಿ ಮಾಡ್ಬಿಡೋಣ, ಆಮೇಲೆ ಊಟ. ನೀನು ನಿನ್ನ ಕೆಲಸ ಮಾಡು. ಹಿಡ್ಕೋ.’

ಪ್ರೀತಿಯಿಂದಲೇ ಹೇಳಿದಳು. ಅವನು ಬೇಡ ಎನ್ನಬೇಕೆಂದಿದ್ದ. ಆದರೆ ಬಲಗೈಯ ಎರಡು ಬೆರಳು ತಾವಾಗಿ ಮುಂದೆ ಬಂದು, ಎರಡು ಮೇಜುಗಳ ನಡುವಿನ ಮೆಟ್ಟಿಲ ಮೇಲೆ ಒತ್ತಿ ಕೂತವು. ಉಸಿರೆಳೆದುಕೊಂಡು ಬಿಗಿಹಿಡಿದ.

ಮಗಳು ಓದಿದಳು. ಹೆಂಡತಿ ಕೆಮ್ಮಿದಳು. ಅಕ್ಕ ನಕ್ಕಳು, ಗದರಿಸಿಕೊಂಡಳು. ಮರಿ ಕೇಕು ಕೇಳಿದ. ಬಾಗಿಲು ತೆರೆಯಿತು, ಮುಚ್ಚಿತು. ಅಕ್ಕ ಕೂತಲ್ಲಿಂದಲೇ ಕೋಳಿ ಪಾತ್ರೆಯ ಮುಚ್ಚಳ ಬೀಳಿಸಿದಳು, ಹೆದರಿದವಳಂತೆ ಕಾದಳು, ಎತ್ತಿಟ್ಟಳು. ಅವನು ಗೋಡೆಯ ಕಡೆ ಮುಖ ತಿರುಗಿಸಿ, ಯಾರಿಗೂ ಕೇಳಿಸದಂತೆ ಉಸಿರು ಬಿಟ್ಟು, ಮತ್ತೆ ತುಂಬಿಕೊಂಡ. ಎಲ್ಲರೂ ಸೇರಿ ಆಮೆನ್ ಎಂದರು.

ತಟ್ಟೆಗಳು ಸದ್ದು ಮಾಡಿದವು. ಕೋಳಿಯನ್ನು ಮತ್ತೆ ಬಿಸಿ ಮಾಡಬೇಕೇ ಎಂದು ಚರ್ಚೆಯಾಯಿತು. ಬೇಡ ಎಂದರು ಭಾವ. ಮರಿ ನಿಜವಾಗಿಯೇ ಕೇಕಿನ ತಟ್ಟೆ ಹತ್ತಿರಕ್ಕೆ ಎಳೆದುಕೊಂಡ. ಮುಂದಿನ ವರ್ಷ ಯಾರು ಏನು ತರಬೇಕು ಎಂಬ ಮಾತು ಶುರುವಾಯಿತು.

ಅವನ ಬೆರಳು ಒತ್ತಿಯೇ ಇತ್ತು. ರೆಕಾರ್ಡು ಮಾಡಿದ ಆ ವರ್ಷ ಆಮೆನ್ ಎಂದ ಮೇಲೆ ಅಪ್ಪ ಅವನ ಹೆಗಲ ಮೇಲೆ ಕೈ ಇಟ್ಟಿದ್ದ. ಸಾಕು, ಬಿಡು ಎಂದು. ಬಾಯಿಂದ ಹೇಳಿರಲಿಲ್ಲ, ಕೈ ಇಟ್ಟಿದ್ದ ಅಷ್ಟೇ. ಸ್ವಲ್ಪ ಹೊತ್ತು ಇಟ್ಟೇ ಇದ್ದ. ಆ ಕೈಗೆ ಸದ್ದಿರಲಿಲ್ಲ. ಹಾಗಾಗಿ ಅದು ಕ್ಯಾಸೆಟ್ಟಿನಲ್ಲಿ ಎಂದೂ ಇರಲಿಲ್ಲ, ಈ ಮೇಜಿನಲ್ಲಿ ಯಾರಿಗೂ ಬಾಯಿಪಾಠವಾಗಿರಲಿಲ್ಲ.

‘ಕೈ ತೆಗೀರಿ, ಬಿಸಿ ಇದೆ’ ಎಂದಳು ಹೆಂಡತಿ, ಸಾರಿನ ಪಾತ್ರೆ ಹಿಡಿದುಕೊಂಡು.

ಅವನು ಮಾತಾಡಲಿಲ್ಲ. ಮಾತಾಡಿದರೆ ದನಿ ರೆಕಾರ್ಡಿನಲ್ಲಿ ಸೇರಿಬಿಡುತ್ತದೆ.

ಅವಳು ಒಂದು ಕ್ಷಣ ಕಾದು, ಪಾತ್ರೆಯನ್ನು ಅವನ ಕೈಯ ಆಚೆಗೆ ಇಟ್ಟಳು. ಮಗಳು ಉಪ್ಪಿನ ಬಟ್ಟಲನ್ನು ಈಚೆಗೆ ಇಟ್ಟಳು. ಬಡಿಸುವುದು ಶುರುವಾಯಿತು. ಉಗುರಿನ ತುದಿ ಬೆಳ್ಳಗಾಗಿತ್ತು, ಕಿವಿಯಲ್ಲಿ ಗುಂಯ್ ಎನ್ನುತ್ತಿತ್ತು. ಎಲ್ಲರೂ ಒಟ್ಟಿಗೆ ಮಾತಾಡುತ್ತ ಅವನ ಬೆರಳುಗಳ ಮೇಲಿಂದ ಕೈ ಚಾಚಿ ರೊಟ್ಟಿ ಕೊಟ್ಟು ತೆಗೆದುಕೊಳ್ಳುತ್ತಿದ್ದರು. ಅವನು ಉಸಿರು ಬಿಗಿಹಿಡಿದು, ಹೆಗಲನ್ನು ಒಂದಿಷ್ಟು ಮೇಲೆತ್ತಿ, ಕಾಯುತ್ತ ಕೂತ.